ಲಚ್ಚವ್ವನ ಖಾನಾವಳಿಯೂ ತಿನ್ನದ ಮಗಳೂ

ಹನ್ಮಕೊಂಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮವ್ವ ಲಚ್ಚವ್ವನ ಖಾನಾವಳಿ. ಜೋಳದ ರೊಟ್ಟಿ, ಎಮ್ಮೆ ಮಾಂಸದ ಸಾರು, ಹಸಿ ಈರುಳ್ಳಿ, ಅಷ್ಟೇ. ಆ ಸಾರು ಉಂಡೇ ನಾನು ಓದಿದ್ದು, ಪಶು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಹಿಡಿದದ್ದು. ಅಂಥ ನಾನೇ ಮಾಂಸವನ್ನೂ ಹಾಲನ್ನೂ ಒಟ್ಟಿಗೇ ಬಿಟ್ಟೆನೆಂದರೆ ಓಣಿಯವರು ನಗದೆ ಇರುತ್ತಾರೆಯೇ?

ಬಿಟ್ಟದ್ದು ಯಾರ ಉಪದೇಶದಿಂದಲೂ ಅಲ್ಲ. ಹಾಲಿನ ಮಾದರಿ ತರಲು ಒಂದು ಡೇರಿಗೆ ಹೋಗಿದ್ದೆ. ಅಲ್ಲೊಂದು ಎಮ್ಮೆ ಗೇಟಿನ ಕಡೆಗೇ ಮುಖ ಮಾಡಿ ಅರಚುತ್ತಿತ್ತು. ಬೆಳಿಗ್ಗೆ ಅದರ ಗಂಡು ಕರುವನ್ನು ಸಾಗಿಸಿದ್ದರಂತೆ. ಎಲ್ಲಿಯವರೆಗೆ ಹೀಗೆ ಕೂಗುತ್ತದೆಂದು ಅಲ್ಲಿಯ ಆಳನ್ನು ಕೇಳಿದೆ. ಮರೆಯುವವರೆಗೆ ಅಂದ. ಮರೆತದ್ದು ಹೇಗೆ ಗೊತ್ತಾಗುತ್ತದೆ ಎಂದರೆ, ಕೂಗುವುದನ್ನು ನಿಲ್ಲಿಸುತ್ತದಲ್ಲ ಎಂದ. ಆ ಉತ್ತರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೂಗು ನಿಲ್ಲುವುದೂ ಮರೆಯುವುದೂ ಒಂದೇನಾ? ಆ ಕರು ಎಲ್ಲಿಗೆ ಹೋಗುತ್ತದೆಂಬುದೂ ನನಗೆ ಗೊತ್ತಿತ್ತು. ಸುತ್ತಿ ಬಳಸಿ ಅದು ಬರುವುದು ನಮ್ಮವ್ವನ ಪಾತ್ರೆಯಂಥ ಪಾತ್ರೆಗೇ.

ಅವ್ವ ಮೊದಲು ನನಗೆ ಕಾಮಾಲೆ ಆಗಿರಬೇಕೆಂದುಕೊಂಡಳು. ಆಮೇಲೆ ಗಿರಾಕಿಗಳ ಮುಂದೆ, "ನನ್ ಮಗಳು ಐನೋರ ಮನೆ ಸೊಸೆ ಆಗೋಕೆ ಹೊರಟವ್ಳೆ" ಎಂದು ಚುಡಾಯಿಸಿದಳು. ಆದರೂ ನನಗೆಂದು ಬೇರೆ ಗಡಿಗೆಯಲ್ಲಿ ಪುಂಡಿಪಲ್ಯ ಬೇಯಿಸತೊಡಗಿದಳು.

ಆಸ್ಪತ್ರೆಯಲ್ಲಿ ಸುಭಾಷಿಣಿ ಮೇಡಂ ಎಂದೂ ನನ್ನ ಪಕ್ಕ ಕೂತು ಉಂಡವರಲ್ಲ. ಸುದ್ದಿ ತಿಳಿದ ದಿನ ಡಬ್ಬಿ ಹಿಡಿದು ತಾವೇ ಬಂದರು. "ಅಂತೂ ನಮ್ಮ ದಾರಿಗೆ ಬಂದೆಯಲ್ಲ ಪ್ರವಳಿಕಾ" ಎಂದು ಮೊಸರನ್ನ ಬಡಿಸಹೋದರು. ಮೊಸರನ್ನೂ ತಿನ್ನುವುದಿಲ್ಲ ಎಂದೆ. ಅವರ ಮುಖ ಸಪ್ಪಗಾಯಿತು. ಮರುದಿನ ತಮ್ಮ ಹಳೆಯ ಮೂಲೆಗೇ ಹೋದರು. ನನಗೆ ಕೋಪಕ್ಕಿಂತ ಸೋಜಿಗವೇ ಹೆಚ್ಚಾಯಿತು. ನಾನು ಬಿಟ್ಟದ್ದು ಎಮ್ಮೆಗಾಗಿ. ಅವರು ಅದರಲ್ಲಿ ಕಂಡದ್ದು ಜಾತಿಯನ್ನು.

ಆ ಚಳಿಗಾಲದಲ್ಲಿ ಖಾನಾವಳಿ ಮುಚ್ಚಿಸಿದರು. ನಗರಪಾಲಿಕೆಯ ಇಬ್ಬರು ನೌಕರರು, ಅವರ ಹಿಂದೆ ಕೇಸರಿ ಶಾಲು ಹೊದ್ದ ಹುಡುಗರ ಗುಂಪು. ವಾಸನೆ ಬರುತ್ತದೆಂದು ದೂರು ಬಂದಿದೆಯಂತೆ. ಎಮ್ಮೆ ಮಾಂಸಕ್ಕೆ ನಿಷೇಧವಿಲ್ಲ, ಪರವಾನಗಿಯೂ ಇದೆ ಎಂದು ಅವ್ವ ಹೇಳುತ್ತಲೇ ಇದ್ದಳು. ಕುದಿಯುತ್ತಿದ್ದ ಸಾರನ್ನು ಚರಂಡಿಗೆ ಸುರಿದು ಬಾಗಿಲಿಗೆ ಬೀಗ ಜಡಿದರು. ಪಕ್ಕದ ಕುರಿ ಮಾಂಸದ ಬಿರಿಯಾನಿ ಹೋಟೆಲನ್ನು ಯಾರೂ ಮುಟ್ಟಲಿಲ್ಲ.

ಸಂಜೆ ನಿಖಿಲೇಶನ ಫೋನು ಬಂತು. ಹೈದರಾಬಾದಿನಲ್ಲಿ ನನ್ನಂತೆ ಮಾಂಸ, ಹಾಲು ಎರಡನ್ನೂ ಬಿಟ್ಟವರ ವೀಗನ್ ಬಳಗ ನಡೆಸುವವನು ಅವನು. ನಾನೂ ಆಗಾಗ ಅಲ್ಲಿಯ ಸಭೆಗಳಿಗೆ ಹೋಗುತ್ತಿದ್ದೆ. ಗಾಯಗೊಂಡ ಬೀದಿನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ತರುವಂಥ ಮೆದು ಮನಸ್ಸು. ನಿಮ್ಮೂರಿನಲ್ಲಿ ಒಳ್ಳೆಯ ಕೆಲಸವಾಗಿದೆ, ಬಳಗದ ಪರವಾಗಿ ಜಾಲತಾಣದಲ್ಲಿ ಅಭಿನಂದನೆ ಹಾಕಿದ್ದೇವೆ ಎಂದ. ಅದು ಯಾರ ಖಾನಾವಳಿ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಅವನು ಏನೆನ್ನುತ್ತಾನೋ ತಿಳಿಯಬೇಕಿತ್ತು.

"ಪಕ್ಕದ ಬಿರಿಯಾನಿ ಹೋಟೆಲು ಹಂಗೇ ಇದೆಯಲ್ಲ?" ಎಂದು ಕೇಳಿದೆ.

"ನಿಧಾನಕ್ಕೆ ಅದನ್ನೂ ಮುಚ್ಚಿಸೋಣ. ಎಲ್ಲಿಂದಾದ್ರೂ ಶುರು ಆಗ್ಬೇಕಲ್ವಾ?"

"ಎಲ್ಲಿಂದಾದ್ರೂ ಆಗ್ಬಹುದು ಅಂದ್ರೆ, ಯಾವಾಗ್ಲೂ ನಮ್ಮ ಓಣಿಯಿಂದಾನೇ ಯಾಕೆ ಶುರುವಾಗುತ್ತೆ ನಿಖಿಲ್?"

ಅವನು ಮೆಲ್ಲಗೆ, ನಮ್ಮ ಅಂದರೆ ಯಾರು ಎಂದು ಕೇಳಿದ. ಆಗ ಹೇಳಿದೆ.

ಓಣಿಯವರು ಪಾಲಿಕೆ ಕಚೇರಿಯ ಮುಂದೆ ಧರಣಿ ಕೂತರು. ಮುಂದಾಳು ರಾಜಲಿಂಗು, ದಲಿತ ಯುವಕರ ಸಂಘದವನು, ನನಗೆ ಚಿಕ್ಕಂದಿನಿಂದ ಗೊತ್ತು. ನಾನು ರಜೆ ಹಾಕಿ ಅವ್ವನ ಪಕ್ಕ ಕೂತೆ. ಟಿವಿಯವರು ಬಂದಾಗ ರಾಜಲಿಂಗು ಒಂದು ತಟ್ಟೆ ಮಾಂಸ ತಂದು ನನ್ನ ಮುಂದೆ ಹಿಡಿದ.

"ಒಂದೇ ತುತ್ತು ತಿನ್ನು ತಂಗಿ. ಇಲ್ಲಾಂದ್ರೆ ಇವ್ಳು ಆ ಕಡೆಯವ್ಳು ಅಂತಾರೆ."

"ಅವ್ರು ತಿನ್ಬೇಡ ಅಂತಾರೆ, ನೀನು ತಿನ್ನು ಅಂತೀಯ. ಬಾಯಿ ನಂದಲ್ವಾ ಅಣ್ಣ?"

ಹಿಂದೆ ಗುಸುಗುಸು ಎದ್ದಿತು. ಓದಿದ್ದು ತಲೆಗೇರಿದೆ ಎಂದು ಯಾರೋ ಅಂದದ್ದು ಕೇಳಿಸಿತು. ನಮ್ಮ ಜನರ ನಡುವೆಯೇ ಒಂಟಿಯಾದೆನೇ ಎಂಬ ಭಯ. ಅಷ್ಟರಲ್ಲಿ ಅವ್ವ ಎದ್ದು ತಟ್ಟೆ ಕಸಿದುಕೊಂಡಳು.

"ಅವ್ಳು ತಿನ್ನಲ್ಲ. ತಿನ್ದೇ ಇದ್ರೂ ಬಂದು ಕೂತವ್ಳೆ. ದಿನಾ ನನ್ ಕೈಲಿ ತಿನ್ನೋರು ಎಷ್ಟ್ ಜನ ಬಂದವ್ರೆ, ಒಂದ್ಸಲ ತಿರುಗಿ ನೋಡು."

ರಾಜಲಿಂಗು ತಿರುಗಿ ನೋಡಿದ. ದಿನದ ಗಿರಾಕಿಗಳಲ್ಲಿ ಮುಕ್ಕಾಲು ಜನ ಇರಲಿಲ್ಲ. ಅವನು ನಕ್ಕು ತಟ್ಟೆ ತೆಗೆದುಕೊಂಡು ತಾನೇ ತಿಂದ. ಆಮೇಲೆ ನನ್ನ ಕೈಗೆ ಮೈಕು ಕೊಟ್ಟ. ನಾನು ಮಾಂಸ ಬಿಟ್ಟವಳೆಂದೂ, ಒಬ್ಬರ ಪಾತ್ರೆಯನ್ನು ಚರಂಡಿಗೆ ಸುರಿದರೆ ಯಾವ ಎಮ್ಮೆಯೂ ಬದುಕುವುದಿಲ್ಲವೆಂದೂ ಹೇಳಿದೆ. ಟಿವಿಯವರು ಅದನ್ನು ತೋರಿಸಲಿಲ್ಲ.

ಬೀಗ ಹಾಕಲು ಲಿಖಿತ ಆದೇಶವೇ ಇರಲಿಲ್ಲವೆಂಬುದು ಬಯಲಾಗಿ ಖಾನಾವಳಿ ಮತ್ತೆ ತೆರೆಯಿತು. ಆದರೆ ದಾರಿಹೋಕರಿಗೆ ಕಾಣದಂತೆ ಪರದೆ ಕಟ್ಟಬೇಕೆಂದು ಪಾಲಿಕೆಯವರು ಹೇಳಿದರು. ಬಿರಿಯಾನಿ ಹೋಟೆಲಿಗೆ ಪರದೆಯಿಲ್ಲ. ನಮ್ಮ ಪರದೆ ತೆಗೆಸಲು ನಾವು ಇನ್ನೂ ಕಚೇರಿಗೆ ಓಡಾಡುತ್ತಿದ್ದೇವೆ. ಬಳಗದ ಅಭಿನಂದನೆಯನ್ನು ನಿಖಿಲೇಶ ತೆಗೆಸಿದ. ಅದಕ್ಕೆ ಮುನಿಸಿಕೊಂಡು ಕೆಲವರು ಬಳಗವನ್ನೇ ಬಿಟ್ಟರಂತೆ.

ಒಂದು ಮಧ್ಯಾಹ್ನ ಈರುಳ್ಳಿ ಸುಲಿಯುತ್ತ ಅವ್ವನನ್ನು ಕೇಳಿದೆ, ನಿನಗೆ ಎಂದಾದರೂ ಬೇಡ ಅನ್ನಿಸಿತ್ತಾ ಎಂದು. ಅವಳು ಚಿಕ್ಕವಳಿದ್ದಾಗ ಊರ ಜಮೀನ್ದಾರ ದೊರೆಯ ಕೊಟ್ಟಿಗೆಯಲ್ಲಿ ದನ ಸತ್ತರೆ ಎಳೆದೊಯ್ಯುವುದು ತಾತನ ಪಾಲಿನ ಬಿಟ್ಟಿ ಚಾಕರಿ. ಮನೆಗೆ ಬರುತ್ತಿದ್ದುದು ಅದೇ ಮಾಂಸ.

"ಬೇಡ ಅನ್ನೋಕೆ ಮನೇಲಿ ಬೇರೆ ಏನಾದ್ರೂ ಇರ್ಬೇಕಲ್ಲ" ಎಂದಳು.

"ಈಗ ಇದೆಯಲ್ಲ ಅವ್ವ. ಬಿಡ್ತೀಯಾ?"

ಅವಳು ಕೈ ನಿಲ್ಲಿಸಿ, ನಿಜವಾಗಿಯೂ ಯೋಚಿಸಿದಳು. ಇಷ್ಟು ದಿನ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಗೊತ್ತಿಲ್ಲ ಕಣೇ. ರುಚಿಯಾಗಿರುತ್ತೆ" ಎಂದಳು.

ಹೊರಗಿನಿಂದ ಯಾರೋ ರೊಟ್ಟಿ ಇದೆಯಾ ಎಂದು ಕೇಳಿದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಉಳಿದ ಈರುಳ್ಳಿಯನ್ನು ನಾನು ಸುಲಿದೆ.