ಎರ್ನೆಸ್ತೀನಾ ಅತ್ತೆಯ ಅರ್ಧ ಹಾಡು

ಕ್ಯೂಬಾದ ಸಂತಿಯಾಗೊ ನೋಡಲು ಬಂದವರನ್ನು ಮಾರ್ಗದರ್ಶಿ ಇದಾಲ್ಮಿಸ್ ಬೆಳಿಗ್ಗೆ ಕೋಟೆಗೆ ಹತ್ತಿಸಿ, ಮಧ್ಯಾಹ್ನ ಮೆಟ್ಟಿಲುಬೀದಿ ಇಳಿಸಿ, ಕೊನೆಗೆ ತಂದು ಕೂರಿಸುತ್ತಿದ್ದುದು ಸಂಘದ ಹಜಾರದಲ್ಲಿ. ಹೈಟಿಯ ಕಾಫಿತೋಟದ ಧಣಿಗಳು ಗುಲಾಮರ ದಂಗೆಗೆ ಹೆದರಿ ಕ್ಯೂಬಾಕ್ಕೆ ಓಡಿಬಂದಾಗ ಜೊತೆಯಲ್ಲಿ ಎಳೆದುತಂದ ಗುಲಾಮರ ಸಂತತಿಯ ಹಾಡು-ಕುಣಿತದ ಸಂಘ ಅದು. ಹಾಡುಗಳೆಲ್ಲ ಇನ್ನೂ ಹೈಟಿಯ ಮಾತಿನಲ್ಲೇ ಇದ್ದವು. ಹಾಡುವವರಿಗೆ ಮಾತ್ರ ಆ ಮಾತು ಯಾವತ್ತೋ ಮರೆತುಹೋಗಿತ್ತು.

ಅಲ್ಲಿನ ಹಿರಿಯ ಹಾಡುಗಾತಿ ಇದಾಲ್ಮಿಸಳ ಸೋದರತ್ತೆ ಎರ್ನೆಸ್ತೀನಾ. ಎಂಬತ್ತು ದಾಟಿದರೂ ಗಂಜಿ ಹಾಕಿದ ಬಿಳಿ ಲಂಗದಲ್ಲಿ ನೆಟ್ಟಗೆ ಕೂರುತ್ತಿದ್ದಳು. ನಾಲಿಗೆಯೂ ಅಷ್ಟೇ ನೆಟ್ಟಗೆ.

"ಏನೇ, ಇವತ್ತೂ ಕೋಟೆಯ ಒಂದೊಂದು ಕಲ್ಲಿನ ಕಥೆ ಹೇಳಿ ಬಂದ್ಯಾ? ಆ ಮನುಷ್ಯನ್ನ ನೋಡು, ಬಿಸಿಲಿಗೆ ಬೆಂದು ಸೀಗಡಿ ಥರ ಆಗಿದಾನೆ."

"ಅತ್ತೆ, ಮೆಲ್ಲಗೆ. ಅವರಿಗೆ ನಮ್ಮ ಭಾಷೆ ಬರುತ್ತೆ."

"ಬರಲಿ ಬಿಡು. ಯಾರಾದ್ರೂ ಹೇಳಬೇಕಲ್ಲ."

ಸಂಘದ ವಾದ್ಯಗಾರ ಲೆಯೋವಿಖಿಲ್ದೊ ದೊಡ್ಡ ನಗಾರಿಗೆ ಕೈ ಹಾಕಿದ. ಅತ್ತೆ ಹಾಡು ಎತ್ತಿದಳು. ಒಂದು ಸಾಲು ಮುಗಿಸಿ ಸುಮ್ಮನಾದಳು. ಆ ಹಾಡು ಇದ್ದದ್ದೇ ಹಾಗೆ: ಒಂದು ಸಾಲು, ಆಮೇಲೆ ಬರೀ ನಗಾರಿ, ಮತ್ತೆ ಒಂದು ಸಾಲು. ಆ ಮೌನ ಸತ್ತ ಹಿರಿಯರಿಗೆ ಸಲ್ಲಿಸುವ ಗೌರವ ಎಂದು ಇದಾಲ್ಮಿಸ್ ಬಂದವರಿಗೆಲ್ಲ ಹೇಳುತ್ತಿದ್ದಳು. ಮೊದಲು ಹಾಗೆಂದವರು ಯಾರೋ ಅವಳಿಗೂ ಗೊತ್ತಿರಲಿಲ್ಲ.

ಅದನ್ನೇ ಹೇಳಲು ಅವಳು ಪ್ರವಾಸಿಗರ ಕಡೆ ತಿರುಗಿದಾಗ ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು.

ದೊಡ್ಡ ದನಿಯೇನಲ್ಲ. ಬೇಲಿಯಾಚೆಯ ನೆರೆಯವಳಿಗೆ ಓಗೊಟ್ಟಂತಿತ್ತು. ಆದರೆ ನಗಾರಿಯ ಪೆಟ್ಟಿಗೆ ಸರಿಯಾಗಿ ಬಂದು ಕೂತಿತು. ಹಾಡಿದವಳು ರೋಸ್‌ಮೆನ್ ಎಂಬ ಹೈಟಿಯ ಮುದುಕಿ. ಸಂತಿಯಾಗೊದಲ್ಲೇ ವೈದ್ಯಕೀಯ ಓದುತ್ತಿದ್ದ ಮೊಮ್ಮಗಳು ಫಾಬಿಯೆನ್ ಅಜ್ಜಿಗೆ ಊರು ತೋರಿಸಲು ಕರೆತಂದಿದ್ದಳು. ಅಷ್ಟು ಹೊತ್ತೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ ಅಜ್ಜಿ ಈಗ ಎದ್ದು ನಿಂತಿದ್ದಳು.

ಲೆಯೋವಿಖಿಲ್ದೊನ ಕೈ ತಡವರಿಸಿತು, ನಿಲ್ಲಲಿಲ್ಲ. ಅತ್ತೆ ತಿರುಗಿ ನೋಡಲಿಲ್ಲ. ಅವಳ ಕತ್ತಿನ ನರಗಳು ಬಿಗಿದದ್ದನ್ನು ಇದಾಲ್ಮಿಸ್ ಕಂಡಳು. ಅತ್ತೆ ಮುಂದಿನ ಸಾಲು ಹಾಡಿ ಕಾದಳು. ಹಿಂದಿನಿಂದ ಉತ್ತರ ಬಂತು. ಮತ್ತೊಂದು ಸಾಲು, ಮತ್ತೊಂದು ಉತ್ತರ. ಹಾಡು ಮುಗಿದಾಗ ಎಲ್ಲರೂ ಹಿಂದಿನ ಬೆಂಚಿನತ್ತ ತಿರುಗಿದ್ದರು.

"ಯಾರೇ ಅದು?" ಎಂದಳು ಅತ್ತೆ.

ಫಾಬಿಯೆನ್ ಅಜ್ಜಿಯ ಕೈ ಹಿಡಿದು ಮುಂದೆ ಬಂದಳು. "ನಮ್ಮಜ್ಜಿ, ಅಮ್ಮಾ. ಈ ಹಾಡು ನಿಮಗೆ ಹೇಗೆ ಬಂತು ಅಂತ ಅವರೇ ಕೇಳ್ತಿದಾರೆ. ಇದು ನಮ್ಮ ಬೆಟ್ಟದ ಹಳ್ಳೀದು. ಜೋಳ ಕುಟ್ಟೋವಾಗ ಹೆಂಗಸರು ಎರಡು ಕಡೆ ನಿಂತು ಹಾಡ್ತಾರೆ. ಒಂದು ಕಡೆಯವರು ಕೇಳೋದು, ಇನ್ನೊಂದು ಕಡೆಯವರು ಹೇಳೋದು."

"ನಾನು ಏನು ಕೇಳ್ತಿದೀನಂತೆ?"

"ಬೆಟ್ಟದ ಮೇಲೆ ಹೊಗೆ ಕಾಣ್ತಿದೆ, ಅದು ಯಾರ ಮನೆ ಒಲೆ, ಅಂತ."

"ಇವರು?"

"ನಮ್ಮದೇ ಒಲೆ, ಕಾಳು ಬೇಯ್ತಾ ಇದೆ, ಬಾ, ಅಂತ."

ಇದಾಲ್ಮಿಸಳಿಗೆ ಆಗ ಹೊಳೆಯಿತು. ಇನ್ನೂರು ವರ್ಷ ಈ ಊರಿನಲ್ಲಿ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿದುಬಂದದ್ದು ಒಂದು ಪ್ರಶ್ನೆ. ಪ್ರಶ್ನೆ ಎಂದೇ ಯಾರಿಗೂ ತಿಳಿಯದೆ ಕೇಳುತ್ತಲೇ ಬಂದಿದ್ದರು. ಸಮುದ್ರದಾಚೆ, ಒರಳ ಸುತ್ತ ನಿಂತ ಹೆಂಗಸರು ಅದರ ಉತ್ತರವನ್ನು ಕೆಡದಂತೆ ಇಟ್ಟುಕೊಂಡಿದ್ದರು.

ಅತ್ತೆ ಸೋದರಸೊಸೆಯತ್ತ ತಿರುಗಿದಳು.

"ಸತ್ತವರಿಗೆ ಗೌರವ ಅಂತೆ. ನೀನು ಹೇಳಿದ್ದು ನಂಬಿ ಆ ಜಾಗ ಬಂದಾಗೆಲ್ಲ ಮುಖ ಗಂಟು ಹಾಕ್ಕೊಂಡು ಕೂರ್ತಿದ್ದೆ ಕಣೇ. ಅಲ್ಲಿ ನೋಡಿದ್ರೆ ಊಟಕ್ಕೆ ಕರೀತಿದಾರೆ."

ನಗುತ್ತಲೇ ಹೇಳಿದಳು. ಆದರೆ ಕಣ್ಣೊರೆಸಿಕೊಳ್ಳಲು ಲಂಗದ ಅಂಚನ್ನು ಹುಡುಕುತ್ತಿದ್ದಳು. ರೋಸ್‌ಮೆನ್ ಬಾಗಿ ತನ್ನ ತಲೆವಸ್ತ್ರವನ್ನೇ ಬಿಚ್ಚಿ ಕೊಟ್ಟಳು.

ಅಜ್ಜಿ ಊರಲ್ಲಿದ್ದಷ್ಟು ದಿನವೂ ಸಂಘಕ್ಕೆ ಬಂದು ಉತ್ತರದ ಸಾಲುಗಳನ್ನು ಕಲಿಸಿದಳು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ಉಚ್ಚಾರ ತಪ್ಪಿದಾಗ ರೋಸ್‌ಮೆನ್ ಅತ್ತೆಯ ಮಂಡಿಗೆ ಒಂದು ಏಟು ಕೊಡುವಳು. ಯಾರ ಮಾತನ್ನೂ ಸಹಿಸದ ಅತ್ತೆ ಸುಮ್ಮನೆ ತಿದ್ದಿಕೊಳ್ಳುವಳು.

ರೋಸ್‌ಮೆನ್ ಹೊರಡುವ ಮುಂಚಿನ ಭಾನುವಾರ ಸಂಘದ ಹೆಂಗಸರು ಎರಡು ಸಾಲಾಗಿ ನಿಂತರು. ಅತ್ತೆ ಕೇಳಿದಳು. ರೋಸ್‌ಮೆನ್‌ಳ ಹಿಂದೆ ನಿಂತವರೆಲ್ಲ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟರು. ಹಜಾರದ ಹಳೆಯ ಮರದ ಚಾವಣಿ ಗುಂಯ್‌ಗುಟ್ಟಿತು. ಬೀದಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಬಂದು ನಿಂತರು.

ಆ ದಿನದ ಪ್ರವಾಸಿಯೊಬ್ಬ ಇದಾಲ್ಮಿಸಳ ಕಿವಿಯ ಬಳಿ ಬಗ್ಗಿದ. "ಏನಂತೆ ಇದರ ಅರ್ಥ?"

ಹೇಳಲು ಹೋದಳು. ಅಷ್ಟರಲ್ಲಿ ಅತ್ತೆ ಮುಂದಿನ ಸಾಲು ಎತ್ತಿದಳು.

"ಆಮೇಲೆ ಹೇಳ್ತೀನಿ. ಈಗ ಕೇಳಿ," ಎಂದಳು.