ನೀಲಿ ಬಿಲ್ಲೆಯ ಹಂದಿ

ಮೂನ್ ಎರಡೂ ಕೈಯಲ್ಲಿ ಕತ್ತಿ ಹಿಡಿದು ಮಾಂಸ ಕೊಚ್ಚುತ್ತಿದ್ದ. ಹುಣಸೆ ದಿಮ್ಮಿಯ ಮೇಲೆ ಟಕಟಕ ಸದ್ದು ಹೊತ್ತು ಹುಟ್ಟಿದಾಗಿನಿಂದ ನಿಂತಿರಲಿಲ್ಲ. ಆ ಸದ್ದು ಕೇಳಿಯೇ ಬುವಾಚುಮ್ ಸಿಂಗ್‌ಖಾಮನ ಶವಪೆಟ್ಟಿಗೆಯ ಮುಂದೆ ಊದಿನಕಡ್ಡಿ ಸಿಕ್ಕಿಸಿ, ಕೈ ಮುಗಿದೆನೆಂಬ ಶಾಸ್ತ್ರ ಮಾಡಿ ಹಿತ್ತಲಿಗೆ ಬಂದಳು. ತಗಡಿನ ಬೋಗುಣಿಯಲ್ಲಿ ಹಂದಿಯ ತಲೆ ಕೂತಿತ್ತು. ಎಡಗಿವಿಯಲ್ಲಿ ನೀಲಿ ಬಿಲ್ಲೆ. ಬಿಲ್ಲೆಯ ಮೇಲೆ ಹದಿನಾಲ್ಕು. ಸತ್ತವನ ಜೊತೆ ಹಂದಿ ತಪಾಸಣೆಗೆ ತಿರುಗುತ್ತಿದ್ದ ಅವಳೇ ಆ ಅಂಕಿ ಬರೆದವಳು.

"ಮೂನಣ್ಣ, ಇದನ್ನ್ಯಾಕೆ ಕಡಿದ್ರಿ?"

"ಯಾಕಂದ್ರೆ? ಊರೆಲ್ಲಾ ಹುಡುಕಿ ತಂದಿದೀನಿ. ನಮ್ಮಣ್ಣ ಕೈಯಾರೆ ಬಿಲ್ಲೆ ಹಾಕಿದ ಹಂದಿ. ಅವನ ಸಾವಿಗೆ ಬೇರೆ ಹಂದಿ ಕಡಿದ್ರೆ ನಾಲ್ಕು ಜನ ಏನಂದಾರು?"

"ಬಿಲ್ಲೆ ಇದ್ರೆ ಹಂದಿ ಚೆನ್ನಾಗಿದೆ ಅಂತಲ್ಲ. ಗಂಟಲು ಒರೆಸಿದ ಹತ್ತಿ ಲ್ಯಾಬಿಗೆ ಕಳ್ಸಿದೀವಿ ಅಂತ ಅಷ್ಟೆ. ಉತ್ತರ ಇನ್ನೂ ಬಂದಿಲ್ಲ."

"ಬರ್ಲಿ ಬಿಡು. ಬಂದಾಗ ಹಂದಿಗೇ ಹೇಳು."

ರಕ್ತ ಕಲಸುತ್ತಿದ್ದ ಪಕ್ಕದ ಮನೆಯ ಪನ್ ಕಿಸಕ್ಕನೆ ನಕ್ಕ.

"ಹಾಗಾದ್ರೆ ಹುರೀರಿ," ಎಂದಳು ಬುವಾಚುಮ್. "ಇವತ್ತೊಂದು ದಿನ ಹುರೀರಿ."

"ಲಾಪ್ ಹುರೀಬೇಕಾ?" ಮೂನ್ ಕತ್ತಿ ಎತ್ತಿ ಹಿಡಿದ. "ಜನ ಸಾವಿನ ಮನೆಗೆ ಬಂದಿದಾರೆ ತಂಗಿ, ಬಾಣಂತಿ ನೋಡೋಕಲ್ಲ."

"ಸಾರಾಯಿ ಇದೆಯಲ್ಲಾ," ಎಂದ ಪನ್. "ಒಂದು ಗುಟುಕು ಒಳಗೆ ಹೋದ್ರೆ ಹುಳಕ್ಕೂ ನಿಶೆ. ಅದು ಯಾರನ್ನ ಕಚ್ಚುತ್ತೆ?"

ಲಾಪ್ ಅಂದರೆ ಕೊಚ್ಚಿದ ಹಸಿಮಾಂಸ, ಹಸಿರಕ್ತ, ನಾಲ್ಕು ಹನಿ ಪಿತ್ತ, ಮೇಲೆ ನಾಲಗೆ ಜುಮ್ಮೆನಿಸುವ ಜುಮ್ಮನಕಾಯಿ ಪುಡಿ. ಫಯಾವ್ ಸೀಮೆಯ ಗಂಡಸರಿಗೆ ಇದಿಲ್ಲದೆ ಮದುವೆಯೂ ಇಲ್ಲ, ಸಾವೂ ಇಲ್ಲ. ಬುವಾಚುಮ್ ಅಲ್ಲೇ ನಿಂತು ಲ್ಯಾಬಿಗೆ ಫೋನು ಹಚ್ಚಿದಳು. ಯಾರೂ ಎತ್ತಲಿಲ್ಲ.

*

ಮೂವತ್ತು ವರ್ಷದ ಹಿಂದೆ ಇದೇ ಮನೆಯ ಗೃಹಪ್ರವೇಶ. ಸಿಂಗ್‌ಖಾಮ್ ಆಗ ಪಶು ಇಲಾಖೆಯಲ್ಲಿ ಸೂಜಿ ಚುಚ್ಚುವ ನೌಕರ. ಅವತ್ತೂ ಲಾಪ್ ಕೊಚ್ಚಿದವನು ತಮ್ಮ ಮೂನ್. ಸಿಂಗ್‌ಖಾಮನ ಹೆಂಡತಿ ಚನ್‌ಪೆಂಗ್ ಎರಡು ತುತ್ತು ತಿಂದಳು. ಮೂರನೆಯ ದಿನ ಜ್ವರ ಏರಿತು, ಕತ್ತು ಸೆಟೆಯಿತು. ಹದಿನೈದು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದು ಜೀವ ಉಳಿಸಿಕೊಂಡು ಬಂದಳು, ಕಿವಿ ಬರಲಿಲ್ಲ. ಹಂದಿಯ ಗಂಟಲಲ್ಲಿ ಸುಮ್ಮನೆ ಕೂತಿರುವ ರೋಗಾಣು ಅದು. ಹಂದಿ ದುಂಡಗೇ ಇರುತ್ತದೆ, ತಿಂದವನು ಮಲಗುತ್ತಾನೆ.

ಯಾರು ಕೊಚ್ಚಿದ್ದೆಂದು ಸಿಂಗ್‌ಖಾಮ್ ಒಮ್ಮೆಯೂ ಬಾಯಿಬಿಡಲಿಲ್ಲ. ಅಂದಿನಿಂದ ಔತಣವಿದ್ದಲ್ಲಿಗೆಲ್ಲ ಒಂದು ಸಣ್ಣ ಬಾಣಲೆ ಹಿಡಿದು ಹೋಗುತ್ತಿದ್ದ. ಒಂದು ಮೂಲೆಯಲ್ಲಿ ಕೂತು ತನ್ನ ಪಾಲು ಹುರಿದು ತಿನ್ನುತ್ತಿದ್ದ. ಯಾರಾದರೂ ತಟ್ಟೆ ಚಾಚಿದರೆ ಅವರದ್ದನ್ನೂ ಹುರಿದುಕೊಡುತ್ತಿದ್ದ. ಚಾಚುವವರು ಹೆಂಗಸರು, ಅದೂ ಗಂಡಸರು ನೋಡದಿದ್ದಾಗ. ಊರು ಅವನನ್ನು ಬಾಣಲೆ ಡಾಕ್ಟರ್ ಎಂದಿತು. ಅವನು ಡಾಕ್ಟರಾಗಿರಲಿಲ್ಲ.

*

ಸಿಂಗ್‌ಖಾಮ್ ಸಾಯುವ ಹಿಂದಿನ ದಿನವೂ ಇಬ್ಬರೂ ಕೊಟ್ಟಿಗೆ ಕೊಟ್ಟಿಗೆ ತಿರುಗಿದ್ದರು. ಬುವಾಚುಮ್ ಮೂತಿಗೆ ಹಗ್ಗ ಹಾಕಿ ಎಳೆದು ಹಿಡಿದಳು. ಸಿಂಗ್‌ಖಾಮ್ ಬಾಯಿಗೆ ಕಟ್ಟಿಗೆ ಕೊಟ್ಟು ಗಂಟಲಿಗೆ ಹತ್ತಿಕಡ್ಡಿ ಇಳಿಸಿದ. ಹಂದಿಯ ಕಿರುಚಾಟಕ್ಕೆ ಇಬ್ಬರ ಕಿವಿಯೂ ಗುಂಯ್‌ಗುಟ್ಟುತ್ತಿತ್ತು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ಅವನೆಂದ:

"ಒಂದೇ ಹಂದೀನ ಎರಡು ಸಲ ಒರೆಸಬಾರದು ಅಂತ ಬಿಲ್ಲೆ ಹಾಕ್ದೆ ಬುವಾಚುಮ್. ಇವರು ಅದನ್ನ ತಾಯತ ಮಾಡ್ಕೊಂಡ್ರು."

"ಕಿತ್ತುಬಿಡೋಣ."

"ಕಿತ್ರೆ ಉತ್ತರ ಬಂದಾಗ ಯಾವ ಹಂದಿ ಅಂತ ಹುಡುಕ್ತೀಯ?" ಎದೆ ನೀವಿಕೊಂಡ. "ನಾವು ಸುಮ್ನೆ ಮನೇಲಿದ್ದಿದ್ರೆ ಇವರಿಗೆ ಒಂದಿಷ್ಟು ಭಯವಾದ್ರೂ ಇರ್ತಿತ್ತು."

ಬೆಳಗಾಗುವಷ್ಟರಲ್ಲಿ ಹಾಸಿಗೆಯಲ್ಲೇ ಅವನ ಎದೆಬಡಿತ ನಿಂತಿತ್ತು.

*

ಹನ್ನೊಂದಕ್ಕೆ ಭಿಕ್ಷುಗಳ ಊಟ ಮುಗಿದು ಜಗಲಿಯ ಚಾಪೆಗಳ ಮೇಲೆ ತಟ್ಟೆಗಳು ಬಂದವು. ಬುವಾಚುಮಳ ಫೋನು ಆಗ ಬಡಿದುಕೊಂಡಿತು.

"ಹದಿನಾಲ್ಕರಲ್ಲಿ ಇದೆ ಅಕ್ಕ," ಎಂದಳು ಲ್ಯಾಬಿನ ಹುಡುಗಿ. "ಆ ಹಂದಿ ಕಡೀಬೇಡಿ ಅಂತ ಹೇಳಿ."

ಬುವಾಚುಮ್ ಸಾಲಿನ ನಡುವೆ ನಿಂತು ಹೇಳಿದಳು. ತಿನ್ನಬೇಡಿ ಎಂದಳು. ಉತ್ತರ ಬಂದಿದೆ, ಇದೇ ಹಂದಿ ಎಂದಳು. ಗಂಟಲು ಹರಿಯುವಂತೆ ಮತ್ತೆ ಹೇಳಿದಳು. ನಾಲ್ಕೈದು ಕೈಗಳು ತಟ್ಟೆಯ ಮೇಲೆ ತಡೆದವು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸತ್ತವನ ಮನೆಯ ಅನ್ನ, ಮೊದಲು ಯಾರು ತಟ್ಟೆ ದೂಡುತ್ತಾರೆ?

"ಡಾಕ್ಟರ್ ಬಿಲ್ಲೆ ಹಾಕಿದಾರಲ್ಲಮ್ಮ," ಎಂದಳೊಬ್ಬ ಮುದುಕಿ, ಸಮಾಧಾನ ಮಾಡುವವಳಂತೆ.

ಪನ್ ಅಂಟನ್ನದ ಉಂಡೆ ಮಾಡಿ ಲಾಪಿಗೆ ಒತ್ತಿ ಬಾಯಿಗಿಟ್ಟ. ಮೇಲೆ ಸಾರಾಯಿ ಸುರಿದುಕೊಂಡ. ತಡೆದ ಕೈಗಳು ಮತ್ತೆ ಆಡತೊಡಗಿದವು.

ಬುವಾಚುಮಳ ಮಾತು ತಿಳಿದದ್ದು ಕಿವಿಯಿಲ್ಲದ ಚನ್‌ಪೆಂಗ್ ಒಬ್ಬಳಿಗೇ. ತುಟಿ ನೋಡಿಯೇ ತಿಳಿದುಕೊಂಡಳು. ಪೆಟ್ಟಿಗೆಯ ಪಕ್ಕದಿಂದೆದ್ದು ಬಂದು ಒಬ್ಬೊಬ್ಬರ ಮುಂದಿನ ತಟ್ಟೆ ಕಸಿಯತೊಡಗಿದಳು. ಒಂದು ಕಸಿದಳು. ಎರಡು ಕಸಿದಳು. ಮೂರನೆಯದು ಚಾಪೆಯ ಮೇಲೆ ಚೆಲ್ಲಿತು.

"ಅಯ್ಯೋ ಪಾಪ, ಗಂಡ ಹೋದ ಸಂಕಟ," ಎಂದು ಹೆಂಗಸರು ಅವಳ ರಟ್ಟೆ ಹಿಡಿದು ಕೂರಿಸಿದರು. ಬೆನ್ನು ಸವರಿದರು. ಮೂಗಿಗೆ ಕರ್ಪೂರದ ಸೀಸೆ ಹಿಡಿದರು. ಅವಳು ಬುವಾಚುಮಳ ಕಡೆ ನೋಡಿದಳು. ಬುವಾಚುಮಳ ಹತ್ತಿರ ಇನ್ನೇನಿತ್ತು? ಕೈಯಲ್ಲಿ ಫೋನಿತ್ತು, ಅಷ್ಟೆ.

ಅಷ್ಟರಲ್ಲಿ ಹಿತ್ತಲಿನಿಂದ ಮೂನ್ ಬಂದ. ಅಣ್ಣನ ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದಿದ್ದ. ಯಾರ ಮುಖವನ್ನೂ ನೋಡದೆ ನೇರ ಪೆಟ್ಟಿಗೆಯ ಹತ್ತಿರ ಹೋಗಿ, ಎಡೆಯ ತಟ್ಟೆಗೆ ಬಗ್ಗಿಸಿದ. ಬೆರಳ ಗೆಣ್ಣಿನಿಂದ ಪೆಟ್ಟಿಗೆಯನ್ನು ಮೂರು ಸಲ ತಟ್ಟಿದ.

"ಅಣ್ಣ, ಎದ್ದು ಉಣ್ಣು. ನಿಂದು ಹುರಿದಿದೀನಿ. ಕಪ್ಪಾಗೋ ಹಾಗೆ ಹುರಿದಿದೀನಿ, ನೋಡು."

ಆಮೇಲೆ ಜಗಲಿಗೆ ಬಂದು ಪನ್‌ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಹಸಿ ಲಾಪಿನ ಕೆಂಪು ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಇಡೀ ಮನೆಯಲ್ಲಿ ಹಬೆಯಾಡುತ್ತಿದ್ದದ್ದು ಪೆಟ್ಟಿಗೆಯ ಮುಂದಿನ ಆ ಒಂದು ತಟ್ಟೆ ಮಾತ್ರ.