ಹಳದಿ ಗ್ರೀಸ್

ನಾನು ಒಂದು ಆಕ್ಸಲ್ ಜಾಯಿಂಟ್. ಕಾರಿನ ಮುಂದಿನ ಎಡಚಕ್ರದ ಬೆನ್ನಿಗೆ ಅಂಟಿಕೊಂಡು, ಚಕ್ರ ಎತ್ತ ಹೊರಳಿದರೂ ಎಂಜಿನ್ನಿನ ಬಲವನ್ನು ಅದಕ್ಕೆ ದಾಟಿಸುವುದು ನನ್ನ ಕೆಲಸ. ಕಾರನ್ನು ಹೊಗಳುವವರು ಅದರ ಬಣ್ಣ ಹೊಗಳುತ್ತಾರೆ, ಸೀಟು ಹೊಗಳುತ್ತಾರೆ. ಬಗ್ಗಿ ನನ್ನನ್ನು ನೋಡಿದವರು ಬೆರಳೆಣಿಕೆಯಷ್ಟು ಮಂದಿ.

ಕಾರ್ಖಾನೆಯಲ್ಲಿ ಹುಟ್ಟಿದಾಗ ನನ್ನೊಳಗೆ ಆರು ಉಕ್ಕಿನ ಗುಂಡು ಕೂರಿಸಿ, ಕಾಡಿಗೆಯಂಥ ಕಪ್ಪು ಗ್ರೀಸ್ ತುಂಬಿ, ಮೇಲೊಂದು ಮಡಿಕೆ ಮಡಿಕೆಯ ರಬ್ಬರ್ ಚೀಲ ತೊಡಿಸಿದರು. ಅದಕ್ಕೆ ಬೂಟ್ ಅನ್ನುತ್ತಾರೆ. ಅದು ಗಟ್ಟಿಯಾಗಿದ್ದರೆ ನಾನೂ ಗಟ್ಟಿ.

ಮೊದಲ ಯಜಮಾನರು ಹೊಸಪೇಟೆಯಲ್ಲಿ ಗಣಿತದ ಮೇಷ್ಟ್ರಾಗಿದ್ದ ವೃಷಭೇಂದ್ರಯ್ಯ. ತಿಂಗಳಿಗೊಮ್ಮೆ ಪೇಪರ್ ಹಾಸಿ ಮಲಗಿ, ಟಾರ್ಚ್ ಬಿಟ್ಟು ನನ್ನ ಬೂಟ್ ನೋಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಕಾರನ್ನು ಸಂಡೂರಿನ ಹೊನ್ನೂರಸ್ವಾಮಿಗೆ ಮಾರಿದರು.

ಹೊನ್ನೂರಸ್ವಾಮಿ ಇಪ್ಪತ್ತೆರಡು ವರ್ಷ ಅದಿರಿನ ಲಾರಿ ಓಡಿಸಿದವನು. ಹೆಂಡತಿ ಹುಲಿಗೆಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಬಳ್ಳಾರಿಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು. ಅವಳಿಗೆಂದೇ ಕಾರು ಕೊಂಡಿದ್ದ. ಒಳ್ಳೆಯವನು, ಆದರೆ ಲಾರಿಯ ಬುದ್ಧಿ ಬಿಟ್ಟಿರಲಿಲ್ಲ. ಪ್ರತಿ ಆಯುಧಪೂಜೆಗೆ ಲಾರಿಗೆ ಮಾಡಿದಂತೆಯೇ ಕಾರಿನ ಅಡಿಗೂ ಡೀಸೆಲ್ ಹೊಡೆಸಿದ. ಅಡಿಭಾಗ ಪಳಪಳ ಹೊಳೆಯಿತು, ಎಲ್ಲರೂ ಮೆಚ್ಚಿದರು. ಡೀಸೆಲ್ ಕುಡಿದ ನನ್ನ ಬೂಟ್ ಉಬ್ಬಿ ಮೆತ್ತಗಾಗಿ ಮೂರನೇ ವರ್ಷ ಹರಿಯಿತು. ಕಪ್ಪು ಗ್ರೀಸ್ ಆಚೆ ಸಿಡಿಯಿತು, ಅದಿರಿನ ಕೆಂಪು ಧೂಳು ಒಳಗೆ ಬಂತು.

ನನ್ನ ನರಳಾಟ ಮೊದಲು ಕೇಳಿಸಿದ್ದು ಹುಲಿಗೆಮ್ಮನಿಗೆ.

“ಹೊರಳುವಾಗ ಏನೋ ಟಕಟಕ ಅಂತೈತಿ ನೋಡ್ರಿ.”

“ಕಲ್ಲು ಸಿಕ್ಕಿರಬೇಕು ಬಿಡು.”

ಅವಳು ಬಿಡಲಿಲ್ಲ. ಕೊನೆಗೆ ಮೆಕ್ಯಾನಿಕ್ ಖಾಜಾಹುಸೇನ್ ಬಗ್ಗಿ ನೋಡಿದ. “ಬೂಟ್ ಹರದೈತಿ ಸ್ವಾಮಿ. ಪೂರಾ ಬಿಚ್ಚಿ ತೊಳದು ಕರೇ ಗ್ರೀಸ್ ತುಂಬಬೇಕು. ಗುಂಡು ಸವದಿದ್ರ ಜಾಯಿಂಟೇ ಬದಲಿ. ನಾಳೆ ಗಾಡಿ ಬಿಡು.”

ಹೊನ್ನೂರಸ್ವಾಮಿಗೆ ಇದು ಚುಚ್ಚಿತು. ತನಗೇ ಪಾಠ ಹೇಳುವುದೇ? ಹೊಸ ಬೂಟ್ ಮಾತ್ರ ತಂದು, ಅಂಗಳದಲ್ಲಿ ತಾನೇ ನನ್ನನ್ನು ಬಿಚ್ಚಿದ. ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿ, ಲಾರಿ ಬೇರಿಂಗಿನ ಹಳದಿ ಗ್ರೀಸ್ ಡಬ್ಬಿ ತೆರೆದ.

“ಅವ್ರು ಕರೇದು ಅಂದ್ರಲ್ರಿ?” ಅಂದಳು ಹುಲಿಗೆಮ್ಮ.

“ಲಾರಿ ಚಕ್ರಕ್ಕ ಆಗಿದ್ದು ಈ ಸಣ್ಣ ಕಾರಿಗೆ ಆಗಲ್ಲೇನು?”

ಆಗುವುದಿಲ್ಲ! ಬೇರಿಂಗಿನ ಗುಂಡು ಸುಮ್ಮನೆ ಉರುಳುತ್ತದೆ. ನನ್ನ ಗುಂಡುಗಳು ಭಾರ ಹೊತ್ತು ಉರುಳಬೇಕು, ಜಾರಲೂಬೇಕು. ಆ ಉಜ್ಜಾಟ ತಡೆಯುವುದು ಕಪ್ಪು ಗ್ರೀಸ್ ಮಾತ್ರ. ಮೂಲೆಯಲ್ಲಿ ಧೂಳು ಹಾಗೇ ಉಳಿದಿತ್ತು.

ಒಂದು ತಿಂಗಳು ಸದ್ದು ಅಡಗಿತು. ಅವನು ಹೆಂಡತಿಯ ಮುಂದೆ ಬೀಗಿದ. ಆಮೇಲೆ ಮೊದಲಿಗಿಂತ ಜೋರಾಯಿತು. ಅವಳು ಎರಡು ಸಲ ಹೇಳಿದಳು, ಮೂರನೇ ಸಲ ಹೇಳಲಿಲ್ಲ.

ಒಂದು ಶುಕ್ರವಾರ ತೋರಣಗಲ್ಲಿನ ತಿರುವಿನಲ್ಲಿ ನಾನು ಮುರಿದುಹೋದೆ. ಎಂಜಿನ್ ಬೊಬ್ಬೆ ಹೊಡೆಯಿತು, ಕಾರು ಅಲ್ಲಾಡಲಿಲ್ಲ. ಕಾಲು ಊದಿದ್ದ ಹುಲಿಗೆಮ್ಮ ಬಿಸಿಲಲ್ಲಿ ಎರಡು ಗಂಟೆ ಏದುಸಿರು ಬಿಡುತ್ತಾ ಕೂತಳು. ಕೊನೆಗೆ ಒಂದು ಅದಿರಿನ ಲಾರಿ ನಿಂತಿತು. ಅದರ ಡ್ರೈವರೂ ಹೊನ್ನೂರಸ್ವಾಮಿಯೂ ಸೇರಿ ಅವಳನ್ನು ಎತ್ತಿ ಕೂರಿಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶ್ವಾಸಕೋಶಕ್ಕೆ ನೀರು ಸೇರಿತ್ತು. ನಾಲ್ಕು ದಿನ ಐಸಿಯುನಲ್ಲಿದ್ದು ಬದುಕಿ ಬಂದಳು.

ಖಾಜಾಹುಸೇನ್ ಹೊಸ ಜಾಯಿಂಟ್ ಹಾಕಿದ. ಮನೆಗೆ ಬಂದ ನಾನು ಬಾಗಿಲು ಬಡಿಯದಂತೆ ತಡೆಯುವ ಗುಂಡುಕಲ್ಲಾದೆ. ಮುಂದಿನ ಮಂಗಳವಾರ ಹೊನ್ನೂರಸ್ವಾಮಿ ಕಾರಿನ ಬಾಗಿಲು ತೆರೆದು ನಿಂತಿದ್ದ. ಹುಲಿಗೆಮ್ಮ ಚೀಲ ಹೆಗಲಿಗೇರಿಸಿದಳು.

“ನಾ ಬಸ್ಸಿಗೆ ಹೋಗ್ತೀನ್ರಿ.”

“ಎಲ್ಲಾ ಹೊಸಾದು ಹಾಕ್ಸೀನಿ. ಈಗ ಸದ್ದಿಲ್ಲ.”

“ಸದ್ದು ಇದ್ದಾಗ ಹೇಳಿದ್ನಲ್ರಿ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅಂದಿನಿಂದ ಅವಳು ಬಸ್ಸಿನಲ್ಲಿ, ಅವನು ಬಳ್ಳಾರಿಯವರೆಗೂ ಖಾಲಿ ಕಾರಿನಲ್ಲಿ ಅದರ ಹಿಂದೆ.

ಈ ಶುಕ್ರವಾರ ಬೆಳಿಗ್ಗೆ ಅವನು ಹೊಸ್ತಿಲ ಬಳಿ ಕೂತು ನನ್ನನ್ನು ಎತ್ತಿಕೊಂಡ. ಹಳದಿ ಗ್ರೀಸ್ ಪೂರ್ತಿ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದ. ಉಳಿದಿದ್ದ ಐದು ಗುಂಡುಗಳನ್ನು ಒಂದೊಂದಾಗಿ ಒರೆಸಿ, ಕಪ್ಪು ಗ್ರೀಸ್ ತುಂಬಿದ.

ಚೀಲ ಹಿಡಿದು ಹೊರಟ ಹುಲಿಗೆಮ್ಮ ನಿಂತು ನೋಡಿದಳು. “ಅದಿನ್ನ ತಿರುಗಲ್ಲ ಬಿಡ್ರಿ.”

“ಗೊತ್ತೈತಿ,” ಅಂದ. ಕೈ ನಿಲ್ಲಿಸಲಿಲ್ಲ.

ಅವಳು ಬಸ್‌ಸ್ಟಾಪಿನ ಕಡೆ ನಡೆದಳು. ಅವನು ನನ್ನನ್ನು ಬಾಗಿಲಿಗಿಟ್ಟು, ಕೈ ತೊಳೆದು, ಕಾರಿನ ಕೀಲಿ ತೆಗೆದುಕೊಂಡ.